ತಾನು ಹಾಡಬಾರದ ಗುಮ್ಮಟ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಕಿತ್ತೂರು ಸೀಮೆಯಲ್ಲಿ ಟ್ರ್ಯಾಕ್ಟರು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ದಾರಿ ಹಿಡಿದ ಗಾಡಿ ಇನ್ನೂ ತಿರುವಿನ ಆಚೆ ಇರುವಾಗಲೇ ಅದರ ಹಾಡಿನ ಬೇಸು ಈಚೆಯ ಚಹಾದಂಗಡಿಯ ತಗಡನ್ನು ನಡುಗಿಸಿರುತ್ತದೆ. ಡ್ರೈವರ್ ಸೀಟಿನ ಹಿಂದೆ, ಮಡ್‌ಗಾರ್ಡಿನ ಮೇಲೆ, ಕೆಲವೊಮ್ಮೆ ತಲೆಯ ಮೇಲಿನ ಹುಡ್ಡಿನ ಒಳಗೂ ಪ್ಲೈವುಡ್ ಡಬ್ಬಿ ಕೂಡಿಸಿ, ಬೇಸಿಗೆ ಹನ್ನೆರಡು ಇಂಚಿನ ವೂಫರ್ ಹಚ್ಚಿ, ಮೇಲೆ ತಾರಸ್ವರಕ್ಕೆ ಒಂದಿಷ್ಟು ಟ್ವೀಟರ್ ಸಿಕ್ಕಿಸಿದ ಏರ್ಪಾಡು ಅದು. ದೇಗಾಂವದಲ್ಲಿ ಕದಂಬರ ಕಾಲದ ಕಮಲನಾರಾಯಣ ಗುಡಿ ನೋಡಲು ಬಂದವರು ಹನ್ನೆರಡನೇ ಶತಮಾನದ ಕಂಬಗಳ ನಡುವೆ ನಿಂತಾಗಲೂ ಹೊರಗಿನ ರಸ್ತೆಯಿಂದ ಈ ಸದ್ದು ಒಳಗೆ ಬರುವುದುಂಟು. ಹಿಡಿಸಲಿ, ಬಿಡಲಿ, ಸ್ಪೀಕರನ್ನು ಕೈಯಾರೆ ಮಾಡಿಕೊಳ್ಳುವ ನಮ್ಮ ಕಡೆಯ ಕಸುಬು ಇದೇ. ಬಡಿಗೇರನ ಕೈಯಲ್ಲಿ ಡಬ್ಬಿ, ಸೌಂಡ್ ಅಂಗಡಿಯಲ್ಲಿ ವೈರಿಂಗ್, ಹೊಲದಲ್ಲಿ ಪರೀಕ್ಷೆ.

ಇದೇ ಕಸುಬಿನ ಇನ್ನೊಂದು ತುದಿಯಲ್ಲಿ ಜರ್ಮನಿ, ಸ್ವೀಡನ್, ನೆದರ್ಲೆಂಡ್ಸ್‌ಗಳ ಸ್ಪೀಕರುಗಳಿವೆ. ಒಂದು ಜೋಡಿಯ ಬೆಲೆಗೆ ಹೊಸ ಟ್ರ್ಯಾಕ್ಟರು ಬರುತ್ತದೆ. ಕೆಲವದರ ಬೆಲೆಗೆ ಟ್ರ್ಯಾಕ್ಟರುಗಳ ಸಾಲೇ ಬರುತ್ತದೆ. ಅವುಗಳ ಮುಖದ ಮೇಲೆ ಲೋಹದ ಜಾಲರಿಯ ಹಿಂದೆ ಒಳಕ್ಕೆ ಬಾಗಿದ ಬಿಳಿಯ ಗುಮ್ಮಟವೊಂದು ಕಾಣುತ್ತದೆ. ಅದು ಕಾಗದವಲ್ಲ, ಬಟ್ಟೆಯಲ್ಲ, ಲೋಹವೂ ಅಲ್ಲ; ಸೆರಾಮಿಕ್. ಉತ್ತಮ ಧ್ವನಿಯ ಹುಚ್ಚು ಹಿಡಿದವರ ಲೋಕದಲ್ಲಿ ಈ ಬಿಳಿ ಗುಮ್ಮಟಕ್ಕೆ ದೊಡ್ಡ ಹೆಸರು, ಅದಕ್ಕೆ ತಕ್ಕ ದೊಡ್ಡ ಜಗಳವೂ ಇದೆ. ಇದಕ್ಕಿಂತ ಶುದ್ಧ ಧ್ವನಿ ಇಲ್ಲ ಎನ್ನುವವರು ಒಂದು ಕಡೆ, ತಣ್ಣಗೆ ಕೊರೆಯುವ ಧ್ವನಿ ಎನ್ನುವವರು ಇನ್ನೊಂದು ಕಡೆ.

ತಮಾಷೆಯೆಂದರೆ ಸೆರಾಮಿಕ್ ನಮ್ಮ ಟ್ರ್ಯಾಕ್ಟರಿನ ಡಬ್ಬಿಯಲ್ಲೂ ಇದೆ. ವೂಫರ್ ಬಿಚ್ಚಿ ಬೆನ್ನು ನೋಡಿ. ದಪ್ಪ ಬಳೆಯಂಥ ಕಪ್ಪು ಮ್ಯಾಗ್ನೆಟ್ ಇರುತ್ತದಲ್ಲ, ಅದು ಫೆರೈಟ್. ಕಬ್ಬಿಣದ ಆಕ್ಸೈಡಿಗೆ ಸ್ಟ್ರಾನ್ಷಿಯಮ್ಮಿನದೋ ಬೇರಿಯಮ್ಮಿನದೋ ಸಂಯುಕ್ತ ಬೆರೆಸಿ, ಒತ್ತಿ, ಭಟ್ಟಿಯಲ್ಲಿ ಸುಟ್ಟು ತೆಗೆದ ಸೆರಾಮಿಕ್. ಕೈಜಾರಿ ನೆಲಕ್ಕೆ ಬಿದ್ದರೆ ಬೋಕಿಯಂತೆ ಎರಡು ಹೋಳಾಗುವುದು ಅದಕ್ಕೇ. ಫಿಲಿಪ್ಸ್ ಕಂಪನಿ 1950ರ ದಶಕದ ಆರಂಭದಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗ ಸ್ಪೀಕರ್ ತಯಾರಕರು ಅಷ್ಟೇನೂ ಗಮನ ಕೊಡಲಿಲ್ಲ. ಅವರ ಪ್ರೀತಿ ಕೋಬಾಲ್ಟ್ ಬೆರೆತ ಆಲ್ನಿಕೋ ಮ್ಯಾಗ್ನೆಟ್ಟಿನ ಮೇಲಿತ್ತು. 1978ರಲ್ಲಿ ಆಫ್ರಿಕದ ಆಗಿನ ಜೈರ್ ದೇಶದ ಗಣಿ ಸೀಮೆಯಲ್ಲಿ ಕದನ ಹತ್ತಿ ಕೋಬಾಲ್ಟ್ ಬೆಲೆ ಗಗನಕ್ಕೇರಿದ ಮೇಲೆ ಎಲ್ಲರೂ ಫೆರೈಟಿನ ಕಡೆ ಓಡಿದರು. ಇಂದು ಸವದತ್ತಿ ಸಂತೆಯಲ್ಲಿ ಸಿಗುವ ಅಗ್ಗದ ಸ್ಪೀಕರಿನ ಬೆನ್ನಿಗೂ ಅದೇ ಬಳೆ.

ಇನ್ನು ಟ್ವೀಟರ್. ಡಬ್ಬಿಯ ಮೇಲೆ ಚೌಕ ಪ್ಲಾಸ್ಟಿಕ್ ಬಾಯಿಯ ಅಗ್ಗದ ಪೀಜೋ ಟ್ವೀಟರ್ ಇದ್ದರೆ ಅದರೊಳಗೆ ಮ್ಯಾಗ್ನೆಟ್ಟೇ ಇಲ್ಲ. ಸೀಸ, ಜಿರ್ಕೋನಿಯಂ, ಟೈಟೇನಿಯಂ ಆಕ್ಸೈಡುಗಳ ಒಂದು ಸೆರಾಮಿಕ್ ಬಿಲ್ಲೆ ಇರುತ್ತದೆ. ವಿದ್ಯುತ್ ಹರಿಸಿದರೆ ಅದು ಬಾಗುತ್ತದೆ, ಬಾಗಿದಾಗ ಸದ್ದು. ನಿಮ್ಮ ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಕಿಡಿ ಹಾರಿಸುವುದೂ ಇದೇ ಜಾತಿಯ ಸೆರಾಮಿಕ್, ಕೆಲಸ ಮಾತ್ರ ತಿರುವುಮುರುವು: ಅಲ್ಲಿ ಪೆಟ್ಟು ಕೊಟ್ಟರೆ ವಿದ್ಯುತ್ ಬರುತ್ತದೆ. ಮೋಟೊರೋಲಾ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಈ ಟ್ವೀಟರ್ ಸುಲಭಕ್ಕೆ ಸುಡುವುದಿಲ್ಲ, ಕರೆಂಟು ಎಳೆಯುವುದಿಲ್ಲ, ಅರ್ಧ ಮೈಲಿಗೆ ಕೇಳುತ್ತದೆ. ಹಾಡಿನ ಸಕಾರವೆಲ್ಲ ಅದರಲ್ಲಿ ಷಕಾರವಾಗುತ್ತದೆ ಎಂಬುದು ಬೇರೆ ಮಾತು. ಗಾಡಿಗೆ ನಡೆಯುತ್ತದೆ; ಮನೆಗೆ ತರಬೇಡಿ.

ಆ ಕೋಟಿ ಬೆಲೆಯ ಸ್ಪೀಕರಿನಲ್ಲಿ ಸೆರಾಮಿಕ್ ಇರುವುದು ಬೆನ್ನಿಗಲ್ಲ, ಮುಖಕ್ಕೆ. ಗಾಳಿಯನ್ನು ತಳ್ಳುವ ಪೊರೆಯೇ ಸೆರಾಮಿಕ್. ಜರ್ಮನಿಯ ಕೊಲೋನ್ ನಗರದ ಪಕ್ಕದ ಪುಲ್‌ಹೈಮ್‌ನಲ್ಲಿರುವ ಥೀಲ್ ಅಂಡ್ ಪಾರ್ಟ್ನರ್ ಕಂಪನಿ ಅಕ್ಯುಟಾನ್ ಎಂಬ ಹೆಸರಿನಲ್ಲಿ ಇದನ್ನು ಮಾಡುತ್ತದೆ. ಡ್ರೈವರುಗಳನ್ನಷ್ಟೇ, ಅಂದರೆ ಸದ್ದು ಹೊರಡಿಸುವ ಬಿಡಿ ಘಟಕಗಳನ್ನಷ್ಟೇ ಮಾಡುತ್ತದೆ, ಪೂರ್ತಿ ಸ್ಪೀಕರ್ ಕಟ್ಟುವವರು ಬೇರೆಯವರು. ಅಮೆರಿಕದ ಅವಲಾನ್, ನೆದರ್ಲೆಂಡ್ಸ್‌ನ ಖಾರ್ಮಾ, ಸ್ವೀಡನ್ನಿನ ಮಾರ್ಟೆನ್, ಎಸ್ಟೋನಿಯಾದ ಎಸ್ಟೆಲಾನ್ ಇವರೆಲ್ಲ ಹೆಸರು ಮಾಡಿದ್ದು ಈ ಬಿಳಿ ಗುಮ್ಮಟಗಳ ಮೇಲೆ. ಮಾರ್ಟೆನ್‌ನವರು ತಮ್ಮ ದೊಡ್ಡ ಮಾದರಿಗೆ ಜಾಝ್ ವಾದಕ ಜಾನ್ ಕೋಲ್ಟ್ರೇನನ ಹೆಸರಿಟ್ಟರು. ಮಲ್ಲಿಕಾರ್ಜುನ ಮನ್ಸೂರರ ಹೆಸರಿನ ಸ್ಪೀಕರ್ ಮಾಡುವ ಬುದ್ಧಿ ನಮ್ಮವರಿಗೆ ಇನ್ನೂ ಬಂದಿಲ್ಲ.

ಯಮನಾಪುರದ ಬಿಳಿ ಪುಡಿ

ಆ ಸೆರಾಮಿಕ್ ಯಾವುದು ಎಂದು ಕೇಳಿದರೆ ಉತ್ತರ ಬೆಳಗಾವಿಯವರಿಗೆ ಹೊಸದಲ್ಲ: ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ದೇಗಾಂವದಿಂದ ಹೆದ್ದಾರಿ ಹಿಡಿದು ಬೆಳಗಾವಿ ದಾಟಿದರೆ ಯಮನಾಪುರದಲ್ಲಿ ಹಿಂಡಾಲ್ಕೋ ಕಾರ್ಖಾನೆ ಕಾಣುತ್ತದೆ. ಊರಿನ ಹಿರಿಯರ ಬಾಯಲ್ಲಿ ಅದು ಇನ್ನೂ ಇಂಡಾಲ್. ಇಂಡಿಯನ್ ಅಲ್ಯೂಮಿನಿಯಂ ಕಂಪನಿ ಅದನ್ನು ಕಟ್ಟಿದಾಗ ಸಹ್ಯಾದ್ರಿಯ ನೆತ್ತಿಯ ಬಾಕ್ಸೈಟ್ ಹತ್ತಿರವಿತ್ತು. ಕೊಲ್ಹಾಪುರ ಜಿಲ್ಲೆಯ ಚಂದಗಡ, ರಾಧಾನಗರಿ ಕಡೆಯ ಗಣಿಗಳಿಂದ ಲಾರಿಗಳು ಘಟ್ಟ ಸುತ್ತಿ ಬರುತ್ತಿದ್ದವು. ಅಲ್ಯೂಮಿನಿಯಂ ಕರಗಿಸಿ ತೆಗೆಯುವ ಘಟಕ ವಿದ್ಯುತ್ತಿನ ಬೆಲೆಗೆ ತಾಳಲಾರದೆ ನಿಂತುಹೋಯಿತು. ಅಲ್ಯೂಮಿನಾ ಉಳಿಯಿತು. ಇಂದು ಅಲ್ಲಿಂದ ಹೋಗುವುದರಲ್ಲಿ ದೊಡ್ಡ ಪಾಲು ವಿಶೇಷ ದರ್ಜೆಯ ಅಲ್ಯೂಮಿನಾ: ಭಟ್ಟಿ ಇಟ್ಟಿಗೆ, ವಿದ್ಯುತ್ ಇನ್ಸುಲೇಟರ್, ಟೈಲ್ಸು, ಪಾಲಿಶ್ ಪುಡಿ ಮೊದಲಾದವುಗಳಿಗೆ ಬೇಕಾದ್ದು.

ಮಾಡುವ ಕ್ರಮ 1888ರಲ್ಲಿ ಕಾರ್ಲ್ ಯೋಸೆಫ್ ಬಾಯರ್ ಕಂಡುಹಿಡಿದದ್ದೇ. ಬಾಕ್ಸೈಟನ್ನು ಕಾಸ್ಟಿಕ್ ಸೋಡಾದಲ್ಲಿ ಒತ್ತಡ ಕೊಟ್ಟು ಬೇಯಿಸುತ್ತಾರೆ. ಅಲ್ಯೂಮಿನಾ ಕರಗುತ್ತದೆ, ಕಬ್ಬಿಣ ಸೇರಿದ ಕೆಂಪು ಕೆಸರು ತಳದಲ್ಲಿ ಉಳಿಯುತ್ತದೆ. ದ್ರವ ತಣಿದಾಗ ಬಿಳಿ ಹರಳು ಇಳಿಯುತ್ತದೆ. ಅದನ್ನು ಸಾವಿರ ಡಿಗ್ರಿ ದಾಟಿಸಿ ಸುಟ್ಟರೆ ಸಕ್ಕರೆಯಂಥ ಪುಡಿ. ಮಾಣಿಕ್ಯವೂ ನೀಲವೂ ಇದೇ ವಸ್ತು, ಬಣ್ಣ ಕೊಡುವ ಬೆರಕೆ ಮಾತ್ರ ಬೇರೆ. ಗಡಸುತನದ ಮಾಪಕದಲ್ಲಿ ವಜ್ರಕ್ಕೆ 10 ಆದರೆ ಇದಕ್ಕೆ 9.

ಯಮನಾಪುರದ ಪುಡಿಯೇ ಪುಲ್‌ಹೈಮಿಗೆ ಹೋಗಿ ಸ್ಪೀಕರಾಗುತ್ತದೆ ಎಂದು ಹೆಮ್ಮೆಪಡಲು ಆಧಾರವಿಲ್ಲ. ಸ್ಪೀಕರಿನ ಗುಮ್ಮಟವನ್ನು ಪುಡಿ ಒತ್ತಿ ಮಾಡುವುದೇ ಕಷ್ಟ, ಅಷ್ಟು ತೆಳುವಾಗಿ ಒತ್ತಲು ಬರುವುದಿಲ್ಲ. ಹಾದಿ ಬೇರೆ ಇದೆ. ಮೊದಲು ಶುದ್ಧ ಅಲ್ಯೂಮಿನಿಯಂ ಹಾಳೆಯನ್ನು ಗುಮ್ಮಟದ ಆಕಾರಕ್ಕೆ ಒತ್ತುತ್ತಾರೆ. ಅದನ್ನು ರಾಸಾಯನಿಕ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಲೋಹವನ್ನು ಆಕ್ಸೈಡಾಗಿಸುತ್ತಾ ಹೋಗುತ್ತಾರೆ. ಪಾತ್ರೆಗೆ, ಕಿಟಕಿ ಚೌಕಟ್ಟಿಗೆ ಮಾಡುವ ಆನೊಡೈಸಿಂಗ್ ಕೆಲಸವೇ. ಅಲ್ಲಿ ಮೇಲಿನ ಪದರಕ್ಕೆ ನಿಲ್ಲುತ್ತದೆ, ಇಲ್ಲಿ ನಿಲ್ಲುವುದಿಲ್ಲ. ಲೋಹ ಹೋಗಿ ಆಕ್ಸೈಡ್ ಪೊರೆ ಮಾತ್ರ ಉಳಿದ ಮೇಲೆ ಅದನ್ನು ಭಟ್ಟಿಯಲ್ಲಿ ಸುಟ್ಟು ಗಟ್ಟಿ ಹರಳಾಗಿಸಬೇಕು. ಸುಡುವಾಗ ಸೊಟ್ಟಗಾಗಬಾರದು, ಬಿರಿಯಬಾರದು. ದುಬಾರಿಯ ಗುಟ್ಟು ಅಲ್ಲಿದೆ. ವಸ್ತು ಅಗ್ಗ, ಒಡೆಯದೆ ಹೊರಬಂದ ಗುಮ್ಮಟ ದುಬಾರಿ.

ಬಾಗದ ಪೊರೆ

ಇಷ್ಟೆಲ್ಲ ಪಾಡು ಯಾಕೆ? ಇಂದಿನ ಸ್ಪೀಕರಿನ ಅಂಗರಚನೆ 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಹಾಕಿಕೊಟ್ಟದ್ದು. ಮ್ಯಾಗ್ನೆಟ್ಟಿನ ಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಶಂಕು. ಕರೆಂಟು ಹರಿದಂತೆ ಸುರುಳಿ ಹಿಂದೆ ಮುಂದೆ ಓಡುತ್ತದೆ, ಶಂಕು ಗಾಳಿಯನ್ನು ತಳ್ಳುತ್ತದೆ. ಸುರುಳಿ ನೂಕುವುದು ಶಂಕುವಿನ ಬುಡವನ್ನು ಮಾತ್ರ. ಬುಡ ಮುಂದೆ ಹೋದ ಸುದ್ದಿ ಅಂಚಿಗೆ ಮುಟ್ಟಬೇಕು. ನಿಧಾನದ ಬೇಸಿನಲ್ಲಿ ತೊಂದರೆಯಿಲ್ಲ. ಸೆಕೆಂಡಿಗೆ ಎರಡು ಮೂರು ಸಾವಿರ ಸಲ ಅಲುಗುವಾಗ ಬುಡ ಹಿಂದಕ್ಕೆ ತಿರುಗಿದ್ದರೂ ಅಂಚು ಇನ್ನೂ ಮುಂದಕ್ಕೇ ಹೋಗುತ್ತಿರುತ್ತದೆ. ಪೊರೆ ಮೈಮುರಿದು ತುಂಡು ತುಂಡಾಗಿ ಅಲುಗುತ್ತದೆ. ಮೂಲ ಹಾಡಿನಲ್ಲಿ ಇಲ್ಲದ್ದು ಅಲ್ಲಿಂದ ಹುಟ್ಟುತ್ತದೆ.

ಆದ್ದರಿಂದ ಪೊರೆ ಹಗುರವಾಗಿರಬೇಕು, ಬಾಗಬಾರದು. ಎರಡನ್ನೂ ಒಟ್ಟಿಗೆ ಅಳೆಯಲು ಒಳ್ಳೆಯ ಅಳತೆಯೆಂದರೆ ಆ ವಸ್ತುವಿನೊಳಗೆ ಶಬ್ದ ಓಡುವ ವೇಗ. ಅಲ್ಯೂಮಿನಿಯಂ, ಟೈಟೇನಿಯಂ ಎರಡರಲ್ಲೂ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್. ಅಲ್ಯೂಮಿನಾದಲ್ಲಿ 10ರ ಹತ್ತಿರ. ಬೆರಿಲಿಯಂ ಅದನ್ನೂ ಮೀರುತ್ತದೆ, ಅದರ ಪುಡಿ ಮಾತ್ರ ಪುಪ್ಪಸಕ್ಕೆ ವಿಷ. ವಜ್ರ 17ರ ಆಸುಪಾಸು. ಪ್ರಯೋಗಾಲಯದಲ್ಲಿ ಅನಿಲದಿಂದ ಬೆಳೆಸಿದ ವಜ್ರದ ಟ್ವೀಟರುಗಳೂ ಇವೆ, ಅವನ್ನು ಕೊಳ್ಳುವವರು ಈ ಲೇಖನ ಓದುವುದಿಲ್ಲ. ಕಾಗದ ಇವೆಲ್ಲಕ್ಕಿಂತ ಬಹಳ ಹಿಂದೆ.

ಆದರೂ ಕಾಗದ ಸತ್ತಿಲ್ಲ. ಕೇರಳದ ರೆಥಂ ಕಂಪನಿ ಒಂದೇ ತೆಳು ಕಾಗದದ ಶಂಕುವಿನಿಂದ ಹಾಡಿನ ಹೆಚ್ಚಿನ ಭಾಗವನ್ನೆಲ್ಲ ಹೊರಡಿಸುವ ಸ್ಪೀಕರ್ ಕಟ್ಟಿ ಹೊರದೇಶಗಳಲ್ಲೂ ಹೆಸರು ಮಾಡಿದೆ. ಕಾಗದ ಬಾಗುತ್ತದೆ, ಬಾಗಿದ ಮೇಲೆ ಸದ್ದಿಲ್ಲದೆ ಸುಮ್ಮನಾಗುತ್ತದೆ. ಅದರ ನಾರುಗಳು ನಡುಕವನ್ನು ತಿಂದುಹಾಕುತ್ತವೆ.

ಸೆರಾಮಿಕ್ ತಿನ್ನುವುದಿಲ್ಲ. ಪಿಂಗಾಣಿ ಬಟ್ಟಲಿಗೆ ಚಮಚ ತಾಕಿಸಿ ಕೇಳಿ, ಟಣ್ ಎಂದದ್ದು ಎಷ್ಟು ಹೊತ್ತು ಉಳಿಯುತ್ತದೆ. ಸೆರಾಮಿಕ್ ಗುಮ್ಮಟ ತನ್ನ ಮಿತಿಯವರೆಗೆ ಒಂದಿಷ್ಟೂ ಬಾಗದೆ ಓಡುತ್ತದೆ, ಮಿತಿ ಮುಟ್ಟಿದ ಜಾಗದಲ್ಲಿ ಹೀಗೆ ಮೊಳಗುತ್ತದೆ. ಒಂದಿಂಚಿನ ಟ್ವೀಟರಿನಲ್ಲಿ ಆ ಜಾಗ 20,000 ಹರ್ಟ್ಸ್ ಆಚೆ, ಮನುಷ್ಯನ ಕಿವಿಯ ಆಚೆ. ಆರೇಳು ಇಂಚಿನ ಶಂಕುವಿನಲ್ಲಿ ಅದು ಕೆಲವೇ ಸಾವಿರ ಹರ್ಟ್ಸಿಗೆ ಇಳಿದು ನೇರ ಕಿವಿಯೊಳಗೆ ಕೂರುತ್ತದೆ. ಸೆರಾಮಿಕ್ ಸ್ಪೀಕರ್ ಕೊರೆಯುತ್ತದೆ ಎಂಬ ದೂರಿನ ಬೇರು ಬಹುಮಟ್ಟಿಗೆ ಇಲ್ಲಿದೆ. ದೋಷ ವಸ್ತುವಿನದಲ್ಲ, ಆ ಮೊಳಗನ್ನು ಕಟ್ಟಿಹಾಕದೆ ಬಿಟ್ಟ ವಿನ್ಯಾಸಕಾರನದು.

ಅಕ್ಯುಟಾನ್‌ನ ಮಧ್ಯಮ ಸ್ವರದ ಡ್ರೈವರುಗಳನ್ನು ಹತ್ತಿರದಿಂದ ನೋಡಿದವರು ಬಿಳಿ ಪೊರೆಯ ಅಂಚಿನ ಬಳಿ ಸಣ್ಣ ದುಂಡು ಕಲೆಗಳನ್ನು ಕಂಡಿರುತ್ತಾರೆ. ಅವು ಕಲೆಯಲ್ಲ, ನಡುಕ ತಿನ್ನುವ ಮೆತ್ತನೆಯ ವಸ್ತುವಿನ ತೇಪೆ. ಪೊರೆಯ ಆಯ್ದ ಜಾಗದಲ್ಲಿ ಏನಾದರೂ ಅಂಟಿಸಿ ಅದರ ಕಂಪನವನ್ನು ತಿದ್ದುವ ಈ ವಿದ್ಯೆ ತಬಲಾ ನುಡಿಸುವವರ ನಾಡಿಗೆ ಹೊಸದೇನಲ್ಲ. ತಬಲಾದ ನಡುವಿನ ಕರಿ ಶಾಯಿ ಮಾಡುವುದೂ ಪೊರೆಯ ತಿದ್ದುವಿಕೆಯನ್ನೇ. ಸಿ.ವಿ. ರಾಮನ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಶಿವಕಾಳಿ ಕುಮಾರ್ ಜೊತೆ ಬರೆದ ಟಿಪ್ಪಣಿಯಲ್ಲಿ, ಮುಂದೆ 1934ರಲ್ಲಿ ಬೆಂಗಳೂರಿನಲ್ಲಿದ್ದಾಗ ಪ್ರಕಟಿಸಿದ ದೊಡ್ಡ ಲೇಖನದಲ್ಲಿ ಇದನ್ನು ವಿವರಿಸಿದರು. ಬರಿಯ ಚರ್ಮದ ಕಂಪನಗಳು ಒಂದಕ್ಕೊಂದು ಹೊಂದದ ಗದ್ದಲ. ನಡುವೆ ಶಾಯಿಯ ಭಾರ ಕೂತಾಗ ಅವು ಒಂದು, ಎರಡು, ಮೂರು ಪಟ್ಟುಗಳ ಲೆಕ್ಕಕ್ಕೆ ಬಂದು ಶ್ರುತಿಗೆ ನಿಲ್ಲುತ್ತವೆ. ಉದ್ದೇಶ ಮಾತ್ರ ಪೂರ್ತಿ ಉಲ್ಟಾ. ತಬಲಾ ಸುಶ್ರಾವ್ಯವಾಗಿ ಮೊಳಗಬೇಕು. ಸ್ಪೀಕರ್ ಮೊಳಗಲೇಬಾರದು. ತಬಲಾ ಹಾಡಬೇಕು, ತಬಲಾದ ಸದ್ದು ಹೊರಡಿಸುವ ಗುಮ್ಮಟ ತಾನು ಹಾಡಬಾರದು.

ತೇಪೆ ಸಾಲದಾದಾಗ ಉಳಿದ ಕೆಲಸ ಕ್ರಾಸೋವರಿನದು. ಹಾಡನ್ನು ಬೇಸು, ಮಧ್ಯ, ತಾರ ಎಂದು ಬಿಡಿಸಿ ಆಯಾ ಡ್ರೈವರಿಗೆ ಹಂಚುವ ಸುರುಳಿ, ಕೆಪಾಸಿಟರುಗಳ ಜೋಡಣೆಗೆ ಆ ಹೆಸರು. ಹ್ಯೂಲೆಟ್ ಪ್ಯಾಕರ್ಡ್‌ನ ಎಂಜಿನಿಯರುಗಳಾದ ಲಿಂಕ್ವಿಟ್ಸ್ ಮತ್ತು ರೈಲಿ 1976ರಲ್ಲಿ ಕೊಟ್ಟ ಸೂತ್ರವೇ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಸೆರಾಮಿಕ್ ಶಂಕು 6,000 ಹರ್ಟ್ಸಿನಲ್ಲಿ ಮೊಳಗುತ್ತದೆ ಎಂದಿಟ್ಟುಕೊಳ್ಳಿ. 2,500ರಲ್ಲೇ ಟ್ವೀಟರಿಗೆ ಒಪ್ಪಿಸಿದರೆ ಮುಗಿಯಿತಲ್ಲ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಪ್ರತಿ ಸ್ಪೀಕರಿನ ಸುರುಳಿಯೂ ತಾನು ನುಡಿಸುವ ಸ್ವರದ ಮೂರು ಪಟ್ಟಿನ ಮೇಲೆ ಒಂದಿಷ್ಟು ಕಲಬೆರಕೆ ಹುಟ್ಟಿಸುತ್ತದೆ. 2,000 ಹರ್ಟ್ಸಿನ ಸ್ವರ ನುಡಿದಾಗ ಹುಟ್ಟುವ ಕಲಬೆರಕೆ 6,000ದಲ್ಲಿ, ಅಂದರೆ ಸರಿಯಾಗಿ ಮೊಳಗುವ ಜಾಗದಲ್ಲಿ ಬಂದು ದೊಡ್ಡದಾಗುತ್ತದೆ. ಅದು ಡ್ರೈವರಿನ ಒಳಗೇ ಹುಟ್ಟುವುದರಿಂದ ಕ್ರಾಸೋವರ್ ಅದನ್ನು ಪೂರ್ತಿ ತಡೆಯಲಾರದು. ಒಳ್ಳೆಯ ತಯಾರಕರು ಮೋಟರ್ ಭಾಗವನ್ನೇ, ಅಂದರೆ ಮ್ಯಾಗ್ನೆಟ್ಟು ಮತ್ತು ಸುರುಳಿಯ ಜೋಡಣೆಯನ್ನೇ, ಚೊಕ್ಕ ಮಾಡಲು ಹಣ ಸುರಿಯುವುದು ಇದಕ್ಕೆ. ಬಿಳಿ ಗುಮ್ಮಟ ಕಾಣುತ್ತದೆ, ಮೋಟರ್ ಕಾಣುವುದಿಲ್ಲ. ಬೆಲೆಯ ದೊಡ್ಡ ಪಾಲು ಕಾಣದ ಕಡೆ ಇರುತ್ತದೆ.

ತಂಬೂರಿಯ ತಕರಾರು

ಸ್ಪೀಕರ್ ಪರೀಕ್ಷೆಗೆ ಹೊರದೇಶದವರು ಪಿಯಾನೋ, ಹೆಣ್ಣು ದನಿಯ ಜಾಝ್ ಹಚ್ಚುತ್ತಾರೆ. ನನ್ನ ಮತ ಕೇಳಿದರೆ ತಂಬೂರಿಗಿಂತ ಕಠಿಣ ಪರೀಕ್ಷಕ ಇಲ್ಲ. ಬೆಳಗಾವಿಯಿಂದ ಮಿರಜಿಗೆ ಹೋದರೆ ಒಣಗಿಸಿದ ಸೋರೆ ಬುರುಡೆಗಳಿಂದ ತಂಬೂರಿ ಕಟ್ಟುವ ಮನೆಗಳೇ ಇವೆ. ಅಗಲ ಕುದುರೆಯ ಮೇಲೆ ತಂತಿ ಸವರಿಕೊಂಡು ಕಂಪಿಸುವಂತೆ ಜವಾರಿ ಕೂಡಿಸುವುದು ಅಲ್ಲಿನ ನುರಿತ ಕೈಗಳ ಕೆಲಸ. ಸಾಮಾನ್ಯ ತಂತಿಯಲ್ಲಿ ಹುಟ್ಟಲಾರದ ಮೇಲುಸ್ವರಗಳೂ ಈ ಕುದುರೆಯ ದೆಸೆಯಿಂದ ಹುಟ್ಟುತ್ತವೆ ಎಂದು ತೋರಿಸಿದವರೂ ರಾಮನ್ನರೇ. ಹೀಗಾಗಿ ಮಂದ್ರದ ಒಂದು ತಂತಿ ಮೀಟಿದರೆ ನೂರರ ಆಸುಪಾಸಿನಿಂದ ಹಲವು ಸಾವಿರ ಹರ್ಟ್ಸಿನವರೆಗೆ ಸ್ವರಗಳ ಏಣಿಯೇ ಏಳುತ್ತದೆ, ಹೊಳೆಯುತ್ತಾ ನಿಧಾನಕ್ಕೆ ಬಣ್ಣ ಬದಲಿಸುತ್ತದೆ.

ಸೆರಾಮಿಕ್ ಶಂಕುವಿನ ಮೊಳಗು ಇರುವುದು ಇದೇ ಏಣಿಯ ನಡುಮೆಟ್ಟಿಲಿನಲ್ಲಿ. ಶಂಕುವಿನಿಂದ ಟ್ವೀಟರಿಗೆ ಕೈ ಬದಲಾಗುವುದೂ ಅಲ್ಲೇ. ಕ್ರಾಸೋವರ್ ಒರಟಾಗಿದ್ದರೆ ಜವಾರಿಯ ಒಂದು ಮೆಟ್ಟಿಲು ಮಾತ್ರ ಪ್ರತಿ ಸಲ ಮುಂದೆ ಚಾಚಿ ಕಿವಿಗೆ ಚುಚ್ಚುತ್ತದೆ. ಹತ್ತು ನಿಮಿಷದಲ್ಲಿ ತಲೆ ಭಾರ. ಸರಿಯಾಗಿದ್ದರೆ ಕಾಗದದ ಸ್ಪೀಕರಿನಲ್ಲಿ ಮಂಕಾಗಿ ಬೆರೆತುಹೋಗಿದ್ದ ಷಡ್ಜ ಪಂಚಮಗಳ ಎಳೆಗಳು ಬಿಡಿಸಿಕೊಂಡು ನಿಲ್ಲುತ್ತವೆ, ಗಾಯಕರ ಹಿಂದೆ ಎರಡು ತಂಬೂರಿ ಇದ್ದರೆ ಎರಡು ಎಂದು ಗೊತ್ತಾಗುತ್ತದೆ. ಸೆರಾಮಿಕ್ ಪೊರೆಯ ನಿಜವಾದ ಲಾಭ ಇಷ್ಟೇ, ಇದು ಸಣ್ಣದಲ್ಲ. ಬೇಸಿಗೆ ಸೆರಾಮಿಕ್ ಬೇಕಿಲ್ಲ. ದುಡ್ಡು ಹಾಕುವುದಾದರೆ ಮಧ್ಯಮ ಸ್ವರದ ಡ್ರೈವರಿಗೆ ಹಾಕಬೇಕು. ಧಾರವಾಡ ಸೀಮೆಯ ಗಾಯನವೆಲ್ಲ ವಾಸಿಸುವುದು ಆ ಮನೆಯಲ್ಲಿ.

ಇನ್ನೊಂದು ಎಚ್ಚರಿಕೆ. ಹಳೆಯ 78 ಸುತ್ತಿನ ಮುದ್ರಿಕೆಗಳನ್ನೂ ಆಕಾಶವಾಣಿಯ ಹಳೆಯ ಟೇಪುಗಳನ್ನೂ ಇಂಥ ಸ್ಪೀಕರಿನಲ್ಲಿ ಹಚ್ಚಿದರೆ ಗಾಯನಕ್ಕಿಂತ ಮೊದಲು ಮುಳ್ಳಿನ ಕರಕರ, ಟೇಪಿನ ಸುಯ್ಯೆಂಬ ಸದ್ದು ಎದ್ದು ಬರುತ್ತದೆ. ಸುಳ್ಳು ಹೇಳಲಾರದ ಪೊರೆಯ ಕಷ್ಟ ಅದು. ಅಂಥ ಸಂಗ್ರಹವೇ ನಿಮ್ಮ ಆಸ್ತಿಯಾಗಿದ್ದರೆ ಒಳ್ಳೆಯ ಕಾಗದದ ಶಂಕುವಿನಲ್ಲೇ ಸುಖವಾಗಿರಿ.

ಕಟ್ಟುವವರಿಗೆ

ಅಕ್ಯುಟಾನ್ ಡ್ರೈವರುಗಳನ್ನು ಬಿಡಿಯಾಗಿ ಹವ್ಯಾಸಿಗಳೂ ಕೊಳ್ಳಬಹುದು. ಒಂದು ಟ್ವೀಟರಿಗೆ ನೂರಾರು ಯೂರೋ, ಅದರ ಮೇಲೆ ಸಾಗಣೆ ಮತ್ತು ಸುಂಕ. ಒಂದು ಬೆರಳು ಒತ್ತಿದರೆ ಪೊರೆ ಚೂರು. ಜಾಲರಿ ಇರುವುದು ಅಲಂಕಾರಕ್ಕಲ್ಲ. ಮೊದಲ ಸಲ ಕಟ್ಟುವವರು ಇದರ ಗೊಡವೆಗೆ ಹೋಗಬಾರದು. ಅಲ್ಯೂಮಿನಿಯಂ ಶಂಕುವಿನ ಮೈಗೆ ಮಾತ್ರ ಆಕ್ಸೈಡಿನ ಪದರ ಬೆಳೆಸಿದ ಮಧ್ಯದ ದಾರಿಯೊಂದಿದೆ. ಇಂಡೋನೇಷ್ಯಾದ ಎಸ್‌ಬಿ ಅಕೌಸ್ಟಿಕ್ಸ್ ಸೆರಾಮಿಕ್ ಎಂದು ಕರೆದು ಮಾರುವುದು ಇಂಥವನ್ನು. ಬ್ರಿಟನ್ನಿನ ಮಾನಿಟರ್ ಆಡಿಯೊ ಕೂಡ ಇದೇ ದಾರಿಯದು. ಬೆಲೆ ಎಷ್ಟೋ ಕಡಿಮೆ, ಒಡೆಯುವ ಭಯವಿಲ್ಲ, ಮೊಳಗಿನ ಪಾಠ ಮಾತ್ರ ಹಾಗೆಯೇ ಇದೆ. ಕಲಿಯಲು ಅದೇ ಸರಿ.

ಉಳಿದದ್ದಕ್ಕೆ ಬೆಂಗಳೂರಿಗೂ ಹೋಗಬೇಕಿಲ್ಲ. ಕ್ರಾಸೋವರಿನ ಸುರುಳಿ ಎಂದರೆ ಎನಾಮಲ್ ಲೇಪದ ತಾಮ್ರದ ತಂತಿ. ಬೋರ್‌ವೆಲ್ ಮೋಟರ್ ಸುಟ್ಟಾಗ ರೀವೈಂಡಿಂಗ್ ಮಾಡಿಕೊಡುವ ಅಂಗಡಿ ಬೈಲಹೊಂಗಲದಲ್ಲೂ ರಾಮದುರ್ಗದಲ್ಲೂ ಇದೆ; ಅಲ್ಲಿನ ಕೈಗಳಿಗೆ ನೂರು ಸುತ್ತಿನ ಸುರುಳಿ ಆಟದ ಸಾಮಾನು. ಲೆಕ್ಕವೂ ದೊಡ್ಡದಲ್ಲ. 0.1 ಮಿಲಿಹೆನ್ರಿಯ ಸುರುಳಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಪಕ್ಕದಲ್ಲಿ ಸಮಾಂತರವಾಗಿ ಜೋಡಿಸಿ ಡ್ರೈವರಿಗೆ ಹೋಗುವ ತಂತಿಯಲ್ಲಿ ಕೂಡಿಸಿದರೆ ಅದು ಸುಮಾರು 5,000 ಹರ್ಟ್ಸನ್ನು ಮಾತ್ರ ತಡೆದು ಉಳಿದದ್ದನ್ನು ಬಿಡುತ್ತದೆ. ಶಂಕು 5,000ದಲ್ಲಿ ಮೊಳಗುವಂಥದ್ದಾದರೆ ಮದ್ದು ಇದೇ. ಎಲ್ಲಿ ಮೊಳಗುತ್ತದೆ ಎಂದು ತಿಳಿಯಲು ಅಳತೆಯ ಮೈಕು, ಒಂದು ಲ್ಯಾಪ್‌ಟಾಪ್, ಬಿಟ್ಟಿ ಸಿಗುವ ಅಳತೆಯ ಸಾಫ್ಟ್‌ವೇರ್ ಬೇಕು. ಕಿವಿಯಿಂದಲೇ ಕ್ರಾಸೋವರ್ ಹೊಂದಿಸುತ್ತೇನೆ ಎನ್ನುವವರಿಂದ ದೂರವಿರಿ.

ಡಬ್ಬಿಯ ವಿಷಯದಲ್ಲಿ ನಮ್ಮ ಹಳ್ಳಿಗಳು ತಿಳಿಯದೆಯೇ ದೊಡ್ಡ ವಿಜ್ಞಾನ ಮಾಡಿದ್ದುಂಟು. ಟೇಪ್ ರೆಕಾರ್ಡರಿನ ಕಾಲದಲ್ಲಿ ಬೇಸು ಬರಲೆಂದು ಮಣ್ಣಿನ ಕೊಡದ ಬಾಯಿಗೆ ಸ್ಪೀಕರ್ ಕವುಚಿ ಇಡುತ್ತಿದ್ದರು. ಅಮೆರಿಕದ ಹ್ಯಾರಿ ಓಲ್ಸನ್ ಬೇರೆ ಬೇರೆ ಆಕಾರದ ಡಬ್ಬಿಗಳಿಗೆ ಒಂದೇ ಡ್ರೈವರ್ ಹಚ್ಚಿ ಅಳೆದು 1951ರಲ್ಲಿ ಪ್ರಕಟಿಸಿದ ಫಲಿತಾಂಶ ಎಲ್ಲ ಪಠ್ಯಪುಸ್ತಕದಲ್ಲಿದೆ: ಹೊರಮೈಯಿಂದ ಬರುವ ಏರುಪೇರು ಗೋಲದಲ್ಲಿ ಎಲ್ಲಕ್ಕಿಂತ ಕಡಿಮೆ, ಚೂಪು ಅಂಚಿನ ಘನಾಕೃತಿಯಲ್ಲಿ ಬಹಳ ಕೆಟ್ಟದ್ದು. ಕೊಡ ಗೋಲಕ್ಕೆ ಹತ್ತಿರ, ಸುಟ್ಟ ಮಣ್ಣು ಪ್ಲೈವುಡ್ಡಿನಂತೆ ಬಡಬಡಿಸುವುದಿಲ್ಲ. ಕೆಟ್ಟದ್ದು ಒಳಗಿದೆ. ದುಂಡು ಹೊಟ್ಟೆಯಲ್ಲಿ ಎಲ್ಲ ದಿಕ್ಕಿನ ದೂರವೂ ಒಂದೇ ಆದ್ದರಿಂದ ಒಂದೇ ಸ್ವರ ಗುಂಯ್‌ಗುಡುತ್ತದೆ. ಕೊಡದ ಬೇಸು ಎಲ್ಲ ಹಾಡಿಗೂ ಒಂದೇ ಥರ ಕೇಳುವುದಕ್ಕೆ ಕಾರಣ ಇದೇ. ಅದಕ್ಕೆ ಒಳಗೆ ಹಿಂಜಿದ ಹತ್ತಿ ತುಂಬಬೇಕು. ಕರಿನೆಲದ ಬೈಲಹೊಂಗಲ, ಸವದತ್ತಿಯವರಿಗೆ ಹತ್ತಿ ಎಲ್ಲಿ ಸಿಗುತ್ತದೆ ಎಂದು ಹೇಳುವುದು ಬೇಡ. ಇನ್ನು ಕೊಡವನ್ನೇ ಸ್ಪೀಕರಿಗೆಂದು ದಪ್ಪಗೆ ಮಾಡಿಸಬೇಕೆಂದರೆ ಹೆಂಚು, ಮಡಕೆಗಳಿಗೆ ಹೆಸರಾದ ಖಾನಾಪುರ ಇದೇ ಜಿಲ್ಲೆಯಲ್ಲಿದೆ. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ.

ಕೊನೆಗೆ ಕೋಣೆ. ಇದನ್ನು ಯಾವ ಮಾರಾಟಗಾರನೂ ಹೇಳುವುದಿಲ್ಲ. ಹನ್ನೆರಡು ಅಡಿ ಉದ್ದಗಲದ, ಆರ್‌ಸಿಸಿ ಚಾವಣಿ, ಟೈಲ್ಸ್ ನೆಲ, ಸುಣ್ಣದ ನುಣುಪು ಗೋಡೆಯ ಖಾಲಿ ಕೋಣೆಯಲ್ಲಿ ಒಂದು ಚಪ್ಪಾಳೆ ಅಡಗಲು ಎರಡು ಸೆಕೆಂಡಿನ ಹತ್ತಿರ ಬೇಕಾಗುತ್ತದೆ. ಹಾಡು ಕೇಳಲು ಅರ್ಧ ಸೆಕೆಂಡ್ ಸಾಕು, ಅದಕ್ಕಿಂತ ಹೆಚ್ಚಾದರೆ ತಾನಿನ ಒಂದು ಸ್ವರ ಇನ್ನೊಂದರ ಮೇಲೆ ಬಿದ್ದು ಕಲಸುತ್ತದೆ. ಹಳೆಯ ಮಣ್ಣಿನ ಗೋಡೆಯ ಮಾಳಿಗೆ ಮನೆಗಳಲ್ಲಿ ಈ ತೊಂದರೆ ಇರಲಿಲ್ಲ. ಒರಟು ಮಣ್ಣು, ಕಟ್ಟಿಗೆಯ ಜಂತಿ, ಮೂಲೆಯ ಕಾಳಿನ ಚೀಲ ಎಲ್ಲವೂ ಸದ್ದು ಹೀರುತ್ತಿದ್ದವು. ಆರ್‌ಸಿಸಿ ಕೋಣೆಯಲ್ಲಿ ಸೆರಾಮಿಕ್ ಸ್ಪೀಕರ್ ಕೂಡಿಸಿ ಕರ್ಕಶ ಎಂದು ಬೈಯುವವರು ಬೈಯಬೇಕಾದ್ದು ಗೋಡೆಯನ್ನು. ಸ್ಪೀಕರಿನ ಎದುರು ಗೋಡೆಗೆ ಕುರುಬರ ದಪ್ಪ ಕಂಬಳಿ ಒಂದೆರಡು ತೂಗಿ ಬಿಟ್ಟರೆ ತಾರಸ್ವರದ ಉಪಟಳ ತಕ್ಷಣ ಇಳಿಯುತ್ತದೆ. ಬೆಲೆಬಾಳುವ ಕೇಬಲ್ಲಿಗಿಂತ ಈ ಕಂಬಳಿಗೆ ಕೊಟ್ಟ ದುಡ್ಡು ಹೆಚ್ಚು ಕೇಳಿಸುತ್ತದೆ.

ಒಂದು ಕೋರಿಕೆ ಬೆಳಗಾವಿ, ಹುಬ್ಬಳ್ಳಿ, ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಿಗೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಪ್ರತಿ ವರ್ಷ ಅದೇ ಲೈನ್ ಫಾಲೋವರ್ ರೋಬೋಟು, ಅದೇ ಸ್ಮಾರ್ಟ್ ಕಸದ ಬುಟ್ಟಿ. ಅದರ ಬದಲು ಒಂದು ತಂಡ ಒಂದಿಂಚಿನ ಅಲ್ಯೂಮಿನಾ ಗುಮ್ಮಟ ಮಾಡಲು ಕೂರಲಿ. ಆನೊಡೈಸಿಂಗ್ ತೊಟ್ಟಿ ರಸಾಯನಶಾಸ್ತ್ರ ವಿಭಾಗಕ್ಕೆ ಕಷ್ಟವಲ್ಲ, ಭಟ್ಟಿಯ ಪಾಠ ಹೇಳಬಲ್ಲವರು ಖಾನಾಪುರದಲ್ಲಿದ್ದಾರೆ, ಅಲ್ಯೂಮಿನಾ ಬಲ್ಲವರು ಯಮನಾಪುರದಲ್ಲಿದ್ದಾರೆ. ಮೊದಲ ಕೆಲವು ಗುಮ್ಮಟ ಒಡೆದೇ ಒಡೆಯುತ್ತವೆ. ಎಷ್ಟು ಡಿಗ್ರಿಗೆ, ಯಾವ ಅಂಚಿನಿಂದ ಒಡೆಯಿತು ಎಂದು ಬರೆದಿಟ್ಟುಕೊಂಡು ಮುಂದಿನ ವರ್ಷದ ತಂಡಕ್ಕೆ ಆ ಪುಸ್ತಕ ಕೊಟ್ಟು ಹೋಗಿ.